ಸಿಯೆನಾದ ಗಾನಗ್ರಂಥಗಳು

ಇಟಲಿಯ ಸಿಯೆನಾ ಪಟ್ಟಣದ ಮಹಾದೇವಾಲಯದೊಳಗೆ, ಎಡಮಗ್ಗುಲಲ್ಲಿ, ಪಿಕ್ಕೊಲೊಮಿನಿ ಪುಸ್ತಕಶಾಲೆಯೆಂಬುದೊಂದು ಇರುವುದು. ಎರಡನೆಯ ಪಯಸ್ ಎಂಬ ಪೋಪರ ಗ್ರಂಥಗಳಿಗಾಗಿ ಅವರ ಸೋದರಳಿಯನಾದ ಕಾರ್ಡಿನಲನು 1492ರಲ್ಲಿ ಇದಕ್ಕೆ ಮೊದಲುಮಾಡಿದನು. ಆತನೂ 1503ರಲ್ಲಿ ಪೋಪನಾದನು. ಪಾಪ, ಆ ಪದವಿಯಲ್ಲಿ ಬದುಕಿದ್ದುದು 26 ದಿನ! ಗೋಡೆಗಳ ತುಂಬ ಪಿಂತುರಿಕ್ಕಿಯೋ ಬರೆದ ಚಿತ್ರಗಳು. ಬಂದವರೆಲ್ಲ ಕತ್ತೆತ್ತಿ ಅವನ್ನೇ ನೋಡುತ್ತಿದ್ದರು. ನಾವು ತಲೆತಗ್ಗಿಸಿ ನೋಡುತ್ತ ನಿಂತುದು ಗಾಜಿನ ಪೆಟ್ಟಿಗೆಗಳಲ್ಲಿ ತೆರೆದಿಟ್ಟ ಗಾನಗ್ರಂಥಗಳನ್ನು.

ಇವು ಚರ್ಮಪತ್ರದ ಮೇಲೆ ಕೈಯಿಂದ ಬರೆದ ಭಾರಿ ಗ್ರಂಥಗಳು. ಒಂದೇ ಪುಸ್ತಕವನ್ನು ಎತ್ತರದ ಪೀಠದ ಮೇಲಿಟ್ಟು ಗಾಯಕರ ಗುಂಪೆಲ್ಲ ಎದುರಿಗೆ ನಿಂತು ಹಾಡಬೇಕಾಗಿದ್ದುದರಿಂದಲೇ ಈ ಗಾತ್ರ. ನಾಲ್ಕು ಗೆರೆಗಳ ಮೇಲೆ ಚೌಕಾಕಾರದ ಸ್ವರಚಿಹ್ನೆಗಳು, ಕೆಳಗೆ ಲ್ಯಾಟಿನ್ ಸಾಹಿತ್ಯ. ಹಬ್ಬದ ಹಾಡಿನ ಮೊದಲಕ್ಷರವು ಮಾತ್ರ ಬೆಳೆದು ಮಂಟಪವೇ ಆಗುವುದು. ಕ್ರಿಸ್ತಜಯಂತಿಯ ಗಾನದ ‘ಪಿ’ ಅಕ್ಷರದ ಹೊಟ್ಟೆಯಲ್ಲಿ ಶಿಶುವನ್ನೂ, ಈಸ್ಟರ್ ಗಾನದ ‘ಆರ್’ ಅಕ್ಷರದಲ್ಲಿ ಸಮಾಧಿಯಿಂದೆದ್ದ ಕ್ರಿಸ್ತನನ್ನೂ ಬರೆಯುವುದು ಆ ಕಾಲದ ವಾಡಿಕೆ. ಮಂದಬೆಳಕಿನಲ್ಲಿ ಹಾಳೆ ತಿರುವುವವನಿಗೆ ಅದೇ ಗುರುತು.

ಸಿಯೆನಾದ ಅಕ್ಷರಗಳನ್ನು 1460ರ ಮತ್ತು 1470ರ ದಶಕಗಳಲ್ಲಿ ಅಲಂಕರಿಸಿದವರಲ್ಲಿ ವೆರೋನದ ಲಿಬೆರಾಲೆ, ಕ್ರೆಮೋನದ ಜಿರೋಲಮೋ ಮುಖ್ಯರು. ನಮಗೆ ಲಿಬೆರಾಲೆಯ ಕೈಯೇ ಹೆಚ್ಚು ಹಿಡಿಸಿತು. ಅವನು ಬರೆದ ವಾಯುದೇವನು ಕೆನ್ನೆಯುಬ್ಬಿಸಿ ಊದುವ ರಭಸಕ್ಕೆ ಅಕ್ಷರವೇ ಹಾರೀತೆನಿಸುವುದು. ಇಂಥ ಕೆಲಸಕ್ಕೆ ಚಿನ್ನದ ರೇಕನ್ನು ಅಂಟಿಸಿ, ನಾಯಿಯ ಹಲ್ಲಿನಿಂದಲೋ ನುಣುಪುಗಲ್ಲಿನಿಂದಲೋ ಉಜ್ಜಿ ಮಿರುಗು ತರುತ್ತಿದ್ದರು. ಅತ್ಯುತ್ತಮವಾದ ನೀಲಿಯು, ನಮ್ಮವರು ರಾಜಾವರ್ತವೆನ್ನುವ ಕಲ್ಲನ್ನು ಅರೆದು ಮಾಡಿದುದು. ಆ ಕಲ್ಲು ಆಫ್ಘಾನಿಸ್ತಾನದ ಬದಕ್ಷಾನದ ಗಣಿಗಳಿಂದ ಅಷ್ಟು ದೂರ ಬರುತ್ತಿತ್ತು.

ಹಿಂದೊಮ್ಮೆ ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ಇಂಥದೇ ಒಂಟಿ ಅಕ್ಷರವನ್ನು ಚೌಕಟ್ಟಿನೊಳಗೆ ಕಂಡು ಮೆಚ್ಚಿದ್ದೆವು. ಅಂಥವು ಅಲ್ಲಿಗೆ ಬಂದ ಬಗೆ ಆಗ ನಮಗೆ ತಿಳಿದಿರಲಿಲ್ಲ. 1798ರಲ್ಲಿ ಫ್ರೆಂಚ್ ಸೈನ್ಯವು ರೋಮನ್ನು ಹಿಡಿದಾಗ ಪೋಪರ ಸಿಸ್ಟೈನ್ ಮಂದಿರದ ಗ್ರಂಥಗಳು ಸೂರೆಹೋದುವು. ಚೆಲೊತ್ತಿಯೆಂಬ ವ್ಯಾಪಾರಿಯು ಅವುಗಳಿಂದ ಕತ್ತರಿಸಿದ ಚಿತ್ರಗಳನ್ನು 1825ರಲ್ಲಿ ಲಂಡನ್ನಿನಲ್ಲಿ ಹರಾಜಿಗಿಟ್ಟನು. ಕಲಾವಿಮರ್ಶಕನಾದ ರಸ್ಕಿನ್ನನೂ ತನ್ನ ಹಸ್ತಪ್ರತಿಗಳಿಗೆ ಕತ್ತರಿ ಹಾಕಿದವನೇ! ಅಕ್ಷರವನ್ನು ಕತ್ತರಿಸಿದರೆ ಹಾಳೆಯ ಮತ್ತೊಂದು ಮಗ್ಗುಲಿನ ಹಾಡಿಗೂ ಕಿಂಡಿ ಬೀಳುವುದು. ಸ್ವರವೂ ಮಾತೂ ನಡುವೆ ಮಾಯವಾಗುವುವು.

ಲಿಬೆರಾಲೆಯ ವಾಯುವಿನ ಬೆನ್ನಿಗೆ ಯಾವ ಹಾಡಿದೆಯೋ ನೋಡಬೇಕೆಂದು ನಮಗೆ ಬಹಳ ಆಸೆಯಾಯಿತು. ಗಾಜು ಅಡ್ಡವಾಗಿತ್ತು.