ಅನಾಮಧೇಯ ಅರ್ಜಿ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಎಷ್ಟು ಸಲ ಆಡಿ ನಕ್ಕಿಲ್ಲ! ಆದರೆ ಕಳೆದ ವರ್ಷ ನಮ್ಮ ತಂದೆಯವರು ಧಾರವಾಡದಿಂದ ಪುಣೆಯ ನಮ್ಮ ಮನೆಗೆ ಬಂದ ಮೇಲೆ ಆ ನಗು ನಿಂತುಹೋಗಿದೆ.

ತಂದೆಯವರಿಗೆ ಈಗ 71. ಬಂದ ದಿನದಿಂದಲೇ ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಉಣ್ಣುತ್ತಿದ್ದರು. ಚಕ್ಕುಲಿ ಕೊಟ್ಟರೆ ಮೊಮ್ಮಗನ ಕೈಗೆ ದಾಟಿಸುತ್ತಿದ್ದರು. ಅದನ್ನು ನಾವು ಅಜ್ಜನ ಅಕ್ಕರೆಯೆಂದೇ ತಿಳಿದೆವು. ಕೇಳಿದರೆ, "ಏನಿಲ್ಲೋ ತಮ್ಮಾ, ವಯಸ್ಸಾತು. ಹಲ್ಲು ಇರೂತನಕ ಇರತಾವ, ಹೋಗೂವಾಗ ಹೋಗತಾವ" ಎನ್ನುತ್ತಿದ್ದರು. ನಮಗೂ ಅಷ್ಟೇ ಬೇಕಾಗಿತ್ತು. ಒಂದು ದಿನದ ರಜೆ ಉಳಿಯಿತು.

ಮುಂದೆ ಅವರಿಗೆ ಸುಸ್ತು ಹೆಚ್ಚಾಗಿ ರಕ್ತಪರೀಕ್ಷೆ ಮಾಡಿಸಬೇಕಾಯಿತು. ಅದರಲ್ಲಿ ಸಿ.ಆರ್.ಪಿ. ಎಂಬುದು ಇರಬೇಕಾದುದಕ್ಕಿಂತ ಹೆಚ್ಚಿತ್ತು. ದೇಹದಲ್ಲಿ ಎಲ್ಲಿಯೇ ಉರಿಯೂತವಾಗಲಿ, ಯಕೃತ್ತು ಈ ಪ್ರೋಟೀನನ್ನು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಇದೊಂದು ಅನಾಮಧೇಯ ಅರ್ಜಿ. ತೊಂದರೆಯಿದೆ ಎನ್ನುತ್ತದೆ, ಎಲ್ಲಿ, ಯಾರಿಂದ ಎಂದು ಹೇಳುವುದಿಲ್ಲ. ಅಂಥ ಅರ್ಜಿಯನ್ನು ಕಡತಕ್ಕೆ ಸೇರಿಸಿ ಮರೆಯುವುದು ಸುಲಭ. ತನಿಖೆ ಮಾಡುವವರು ಕಡಿಮೆ.

ನಮ್ಮ ಡಾಕ್ಟರು ತನಿಖೆ ಮಾಡಿದರು. ಎದೆ ನೋಡಿದರು, ಕೀಲು ನೋಡಿದರು, ಕೊನೆಗೆ ಬಾಯಿ ತೆರೆಸಿದರು. ಕೆಳಗಿನ ಎರಡು ದವಡೆ ಹಲ್ಲುಗಳು ಹುಳುಕಾಗಿ ಬೇರು ಮಾತ್ರ ಉಳಿದಿದ್ದವು; ಸುತ್ತಲಿನ ವಸಡು ಬಾತಿತ್ತು.

"ನೋವಿಲ್ಲವೇ?" ಎಂದು ಕೇಳಿದರು.

"ಮೊದಲ ಭಾಳ ಇತ್ತರೀ, ಆಮ್ಯಾಲ ತಾನ ನಿಂತತು" ಎಂದರು ತಂದೆಯವರು.

ನಿಂತದ್ದು ನೋವು, ರೋಗವಲ್ಲ. ಹಲ್ಲಿನೊಳಗಿನ ನರ ಸತ್ತರೆ ನೋವು ಅಡಗುತ್ತದೆ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತದೆ. ಅವರು ನೋವುಂಡ ಆ ದಿನಗಳಲ್ಲಿ ನಾವು ಪ್ರತಿ ಭಾನುವಾರವೂ ಫೋನಿನಲ್ಲಿ "ಆರಾಮ ಇದ್ದೀರೇನಪ್ಪಾ?" ಎಂದು ಕೇಳಿ, "ಆರಾಮ" ಎಂಬ ಉತ್ತರ ಪಡೆದು ಸಮಾಧಾನಗೊಂಡಿದ್ದೆವು!

ಹಾಗೆಂದು ಎಲ್ಲ ತಪ್ಪನ್ನೂ ಹಲ್ಲಿನ ತಲೆಗೆ ಕಟ್ಟುವುದೂ ಸರಿಯಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕ, ಇಂಗ್ಲೆಂಡುಗಳ ವೈದ್ಯರು ಕೀಲುನೋವಿಗೂ ಹಲ್ಲೇ ಕಾರಣವೆಂದು ಎಷ್ಟೋ ಜನರ ಬಾಯಿ ಬರಿದು ಮಾಡಿದರು. ಅದರಿಂದ ನಿರೀಕ್ಷಿಸಿದ ಗುಣ ಕಾಣದೆ ಆ ವಾದ ಹಿಂದೆ ಸರಿಯಿತು. 1989ರಲ್ಲಿ ಫಿನ್ಲೆಂಡಿನ ಸಂಶೋಧಕರು, ಹೃದಯಾಘಾತವಾದವರ ಹಲ್ಲುಗಳು ಉಳಿದವರ ಹಲ್ಲುಗಳಿಗಿಂತ ಕೆಟ್ಟಿದ್ದವೆಂದು ತೋರಿಸಿದಾಗ ಮಾತು ಮತ್ತೆ ಮೇಲೆದ್ದಿತು. ವಸಡಿನ ರೋಗಕ್ಕೆ ಚಿಕಿತ್ಸೆ ಮಾಡಿದರೆ ಸಿ.ಆರ್.ಪಿ. ಸ್ವಲ್ಪ ಇಳಿಯುವುದು ಈಗ ಕಂಡುಬಂದಿದೆ. ಅದರಿಂದ ಹೃದಯಾಘಾತ ತಪ್ಪುವುದೆಂದು ಸಿದ್ಧವಾಗಿಲ್ಲ. ಬೊಜ್ಜು, ಧೂಮಪಾನ, ಸಂಧಿವಾತಗಳೂ ಇದೇ ಅರ್ಜಿ ಬರೆಯಬಲ್ಲವು.

ಮುಪ್ಪಿನಲ್ಲಿ ಹಲ್ಲು ಹುಳುಕಾಗಲು ಬೇರೆ ಕಾರಣಗಳೂ ಉಂಟು. ವಸಡು ಕೆಳಗೆ ಸರಿದು ಬೇರು ಹೊರಬೀಳುತ್ತದೆ. ಬೇರಿಗೆ ಎನಾಮೆಲಿನ ಕವಚವಿಲ್ಲ. ರಕ್ತದೊತ್ತಡಕ್ಕೆ ನುಂಗುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಹಲ್ಲನ್ನು ಕಾಯುವ ಜೊಲ್ಲು ಕಡಿಮೆಯಾಗುತ್ತದೆ. ವಯಸ್ಸಾಯಿತೆಂದು ಕೈಬಿಡುವ ಹಲ್ಲಿಗೇ ಆರೈಕೆ ಹೆಚ್ಚು ಬೇಕು.

ತಂದೆಯವರ ಎರಡು ಬೇರುಗಳನ್ನು ಕೀಳಿಸಿ, ವಸಡನ್ನು ಶುಚಿ ಮಾಡಿಸಿದೆವು. ಮೂರು ತಿಂಗಳ ಮೇಲೆ ನೋಡಿದರೆ ಸಿ.ಆರ್.ಪಿ. ಇಳಿದಿತ್ತು. ಅದಷ್ಟೂ ಹಲ್ಲಿನ ಪುಣ್ಯವೇ ಎಂದರೆ ಡಾಕ್ಟರು ನಕ್ಕು ಸುಮ್ಮನಾದರು. ಓದುಗ ಬಂಧುಗಳೇ, ಊರಿನಿಂದ ಹಿರಿಯರು ಬಂದಾಗ ಅವರ "ಆರಾಮ" ಎಂಬ ಮಾತನ್ನು ನಂಬಬೇಡಿ. ಊಟದ ತಟ್ಟೆಯನ್ನು ನೋಡಿ.

ಮೊನ್ನೆ ದೀಪಾವಳಿಗೆ ಚಕ್ಕುಲಿ ಮಾಡಿದ್ದೆವು. ಮೊಮ್ಮಗ ರೂಢಿಯಂತೆ ಅಜ್ಜನ ಮುಂದೆ ಕೈಯೊಡ್ಡಿ ನಿಂತ. ಈ ಸಲ ಅವನಿಗೆ ಸಿಕ್ಕಿದ್ದು ಅರ್ಧ ಮಾತ್ರ.