ಪಾಸ್‌ಬುಕ್ಕಿನ ಪಕ್ಕಕ್ಕೊಂದು ನೋಟುಬುಕ್ಕು

ನಮ್ಮಂಥವರ ಯಾರ ಅಡಿಗೆಮನೆಗೆ ಹೋದರೂ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇದ್ದೇ ಇರುತ್ತದೆ. ಹಾಲು ಬಾರದ ದಿನಕ್ಕೊಂದು ಸೊನ್ನೆ, ಅರ್ಧ ಲೀಟರು ಹೆಚ್ಚಿಗೆ ತೆಗೆದುಕೊಂಡ ದಿನಕ್ಕೊಂದು ಗೆರೆ. ತಿಂಗಳ ಕೊನೆಗೆ ಹಾಲಿನವನು ಒಂದು ದಿನದ್ದು ಹೆಚ್ಚಿಗೆ ಹೇಳಿದನೋ, ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ಅವನ ಮುಂದೆ ಹಿಡಿಯುತ್ತೇವೆ. ಕಾಯಿಪಲ್ಯದವಳ ಹತ್ತಿರ ಎರಡು ರೂಪಾಯಿಗೆ ಹತ್ತು ಮಾತು ಆಡುತ್ತೇವೆ. ಅದೇ ಪಾಸ್‌ಬುಕ್ಕಿನಲ್ಲಿ 17 ರೂಪಾಯಿ 70 ಪೈಸೆ ಕಡಿತವಾಗಿದ್ದರೆ ಮಾತ್ರ "ಬ್ಯಾಂಕಿನವರು ಹಿಡಿದಾರ" ಎಂದು ಹೇಳಿ ಸುಮ್ಮನಾಗಿಬಿಡುತ್ತೇವೆ. ಯಾತಕ್ಕೆ ಹಿಡಿದರು? ಕೇಳುವ ಗೋಜಿಗೆ ಯಾರು ಹೋಗುತ್ತಾರೆ!

ನನ್ನ ತವರುಮನೆ ಇಳಕಲ್ಲು. ಅಪ್ಪ ಮಗ್ಗದ ಮೇಲೆ, ಅವ್ವ ಮಗ್ಗದ ಸುತ್ತಮುತ್ತಲ ಕೆಲಸದ ಮೇಲೆ. ನೂಲು ಸುತ್ತುವವಳು ಅವಳೇ, ಕಂಡಿಕೆ ತುಂಬುವವಳು ಅವಳೇ, ಕೆಂಪು ರೇಷ್ಮೆಯ ಸೆರಗನ್ನು ಒಡಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವವಳೂ ಅವಳೇ. ನೂಲು ಸಾಹುಕಾರರದು, ಕೂಲಿ ನಮ್ಮದು. ಕೊಟ್ಟ ನೂಲು, ಇಸಕೊಂಡ ಮುಂಗಡ, ಒಪ್ಪಿಸಿದ ಸೀರೆ ಎಲ್ಲವೂ ಸಾಹುಕಾರರ ಕೆಂಪು ಪುಸ್ತಕದಲ್ಲಿ ಏರುತ್ತಿತ್ತು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ಅವ್ವನ ಹತ್ತಿರವೂ ಒಂದು ನಲವತ್ತು ಪುಟದ ನೋಟುಬುಕ್ಕು ಇತ್ತು. ಲೆಕ್ಕದ ದಿನ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಪ್ಪನ ಜೊತೆ ಹೋಗುತ್ತಿದ್ದಳು. "ಅವರ ಪುಸ್ತಕದಾಗ ಅವರು ಬರಕೋತಾರ, ನಮ್ಮ ಪುಸ್ತಕದಾಗ ನಾವು ಬರಕೋಬೇಕವ್ವಾ. ಎರಡೂ ಪುಸ್ತಕ ಎದುರಾಬದರು ಕುಂತಾಗ ಜಗಳಾ ಬರೂದುಲ್ಲ" ಎನ್ನುತ್ತಿದ್ದಳು. ಸಾಹುಕಾರರೇನೂ ಕೆಟ್ಟವರಲ್ಲ. ಆದರೂ ವರ್ಷದಲ್ಲಿ ಒಂದೆರಡು ಸಲವಾದರೂ ಅವ್ವನ ಪುಸ್ತಕ ನೋಡಿ ಅವರು ತಮ್ಮ ಪುಸ್ತಕ ತಿದ್ದಿಕೊಂಡದ್ದುಂಟು.

ಪಾಸ್‌ಬುಕ್ಕು ನಮ್ಮ ಕೈಯಲ್ಲಿದ್ದರೂ ಅದು ಸಾಹುಕಾರರ ಪುಸ್ತಕದ ಹಾಗೆ, ಬ್ಯಾಂಕಿನವರು ಬರೆದುಕೊಂಡ ಲೆಕ್ಕ. ಅದರ ಎದುರಿಗೆ ಕೂಡಿಸಲು ನಮ್ಮದೊಂದು ಪುಸ್ತಕ ಬೇಡವೇ?

ಮೇಲೆ ಹೇಳಿದ 17 ರೂಪಾಯಿ 70 ಪೈಸೆಯನ್ನೇ ಬಿಡಿಸಿ ನೋಡೋಣ. 15 ರೂಪಾಯಿ ಮೂರು ತಿಂಗಳ ಎಸ್ಸೆಮ್ಮೆಸ್ಸಿನ ಶುಲ್ಕ, ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 2 ರೂಪಾಯಿ 70 ಪೈಸೆ. ಎಟಿಎಂ ಕಾರ್ಡಿಗೆ ವರ್ಷಕ್ಕೊಮ್ಮೆ ಬೇರೆ ಶುಲ್ಕ. ನಮ್ಮಂಥ ಊರುಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂ ತಿಂಗಳಿಗೆ ಐದು ಸಲ ಪುಕ್ಕಟೆ. ಆರನೆಯ ಸಲದಿಂದ 23 ರೂಪಾಯಿವರೆಗೆ ಹಿಡಿಯಬಹುದೆಂದು 2025ರ ಮೇ 1ರಿಂದ ನಿಯಮವಾಗಿದೆ, ಜಿಎಸ್‌ಟಿ ಸೇರಿದರೆ 27 ರೂಪಾಯಿ ಮೇಲೇ ಆಯಿತು. ಬರೀ ಬಾಕಿ ಎಷ್ಟಿದೆ ಎಂದು ನೋಡಿದರೂ ಅದೊಂದು ಸಲವೇ. "ಗೃಹಲಕ್ಷ್ಮಿ ಬಂದೈತೇನು ನೋಡೂಣು" ಎಂದು ವಾರಕ್ಕೆರಡು ಸಲ ಯಂತ್ರದ ಮುಂದೆ ನಿಲ್ಲುವ ನೆರೆಮನೆಯ ಅಕ್ಕನಿಗೆ ಇದನ್ನು ಹೇಳಿದಾಗ ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಕನಿಷ್ಠ ಬಾಕಿ ಇಲ್ಲದ್ದಕ್ಕೆ ಹಾಕುವ ದಂಡ ಮಾತ್ರ ಈಚೆಗೆ ಕಡಿಮೆಯಾಗಿದೆ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಅದನ್ನು ಬಿಟ್ಟಿವೆ. ಖಾಸಗಿ ಬ್ಯಾಂಕುಗಳಲ್ಲಿ ಹಲವು ಇನ್ನೂ ಬಿಟ್ಟಿಲ್ಲ. ಹಾಗೆ ಹಾಕುವವರು ಕೂಡ ಮೊದಲು ನಮಗೆ ತಿಳಿಸಿ, ಒಂದು ತಿಂಗಳ ಅವಕಾಶ ಕೊಟ್ಟೇ ಹಾಕಬೇಕು, ದಂಡದಿಂದಾಗಿ ಬಾಕಿ ಸೊನ್ನೆಗಿಂತ ಕೆಳಗೆ ಇಳಿಯಕೂಡದು ಎಂಬ ರಿಸರ್ವ್ ಬ್ಯಾಂಕಿನ ಕಟ್ಟಳೆ 2015ರ ಏಪ್ರಿಲ್‌ನಿಂದ ಇದೆ. ಜನಧನ ಖಾತೆಗಂತೂ ಕನಿಷ್ಠ ಬಾಕಿಯ ಮಾತೇ ಇಲ್ಲ.

ಇಷ್ಟು ಚಿಲ್ಲರೆಗೆ ಇಷ್ಟೆಲ್ಲ ಪಂಚಾಯತಿ ಯಾಕೆ ಎನ್ನುವವರಿದ್ದೀರಿ. ನಮ್ಮ ಯಜಮಾನರೂ ಅದೇ ಪಂಗಡದವರು. ಹುನಗುಂದದಲ್ಲಿರುವ ಅವರ ತಂಗಿಯ ಮನೆಯಲ್ಲಿ ನಡೆದದ್ದನ್ನು ಕೇಳಿ.

ನಾದಿನಿಯ ಗಂಡ ಸರಕು ಸಾಗಿಸುವ ಟೆಂಪೋ ಓಡಿಸುತ್ತಿದ್ದರು. 2023ರ ಶ್ರಾವಣದಲ್ಲಿ ಒಂದು ದಿನ ನಸುಕಿನಲ್ಲಿ ಎದೆನೋವೆಂದವರು ಬಾಗಲಕೋಟೆಯ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ನಲವತ್ತಾರು ವರ್ಷ. ಮಗಳು ಪಿಯುಸಿ, ಮಗ ಎಂಟನೆಯ ಇಯತ್ತೆ. ಟೆಂಪೋ ಮೇಲೆ ಸಾಲ, ಭಿಶಿಯ ಕಂತು ಬಾಕಿ. ದಿನಕರ್ಮ ಮುಗಿದ ಮೇಲೆ ಯಾರಿಗೆ ಎಷ್ಟು ಕೊಡುವುದಿದೆ ಎಂದು ನೋಡಲು ಇಬ್ಬರೂ ಕೂತೆವು. ನಾದಿನಿ ಒಂದು ಹಳೆಯ ಡೈರಿ ತಂದಳು. ಗಂಡನ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂದಾಗಲೆಲ್ಲ ಅದನ್ನು ಬರೆದಿಟ್ಟುಕೊಳ್ಳುವ ಚಾಳಿ ಅವಳಿಗೆ. ಬ್ಯಾಂಕಿನಲ್ಲಿ ಪಾಸ್‌ಬುಕ್ಕಿನ ಯಂತ್ರ ಕೆಟ್ಟು ಎಷ್ಟೋ ದಿನವಾಗಿತ್ತು, ಎರಡು ವರ್ಷದ ಲೆಕ್ಕ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರಲೇ ಇಲ್ಲ. ಡೈರಿಯಲ್ಲಿ ಮಾತ್ರ ಎಲ್ಲವೂ ಇತ್ತು. ಡೀಸೆಲ್, ಸಾಲದ ಕಂತು, ಸಾಲಿಯ ಫೀ. ನಡುವೆ ಒಂದು ವರ್ಷ 330, ಮರುವರ್ಷ 436, ಅದರ ಮರುವರ್ಷ ಮತ್ತೆ 436. ಮೂರರ ಮುಂದೆಯೂ ಒಂದೇ ಮಾತು: "ಬ್ಯಾಂಕಿನವರು ಹಿಡಿದಾರ, ಯಾಕ ಗೊತ್ತಿಲ್ಲ."

436 ಎಂಬ ಅಂಕಿ ನನ್ನ ಕಣ್ಣಿಗೆ ಕುಕ್ಕಿತು. ನಮ್ಮ ಮನೆಯ ಪುಸ್ತಕದಲ್ಲೂ ಪ್ರತಿ ವರ್ಷ ಮೇ ಕೊನೆಗೆ ಅದೇ ಅಂಕಿ ಇರುತ್ತದೆ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. 2015ರಲ್ಲಿ ಶುರುವಾದಾಗ ವರ್ಷಕ್ಕೆ 330 ಇತ್ತು, 2022ರ ಜೂನ್ 1ರಿಂದ 436 ಆಯಿತು. ಐವತ್ತು ವರ್ಷದೊಳಗೆ ಸೇರಿದವರಿಗೆ ಐವತ್ತೈದರವರೆಗೆ ನಡೆಯುತ್ತದೆ. ಯಾವ ಕಾರಣಕ್ಕೆ ತೀರಿಕೊಂಡರೂ ಮನೆಯವರಿಗೆ ಎರಡು ಲಕ್ಷ. ಯಾವಾಗಲೋ ಬ್ಯಾಂಕಿನಲ್ಲಿ ಯಾರೋ ಮುಂದಿಟ್ಟ ಅರ್ಜಿಗೆ ಅವರು ಸಹಿ ಹಾಕಿ ಬಂದಿದ್ದಿರಬೇಕು. ಮನೆಯಲ್ಲಿ ಹೇಳಿರಲಿಲ್ಲ. ಗಂಡಸರು ಇಂಥದ್ದನ್ನೆಲ್ಲ ಮನೆಯಲ್ಲಿ ಯಾವಾಗ ಹೇಳಿದ್ದಾರೆ?

ಮರುದಿನ ಡೈರಿ ಹಿಡಿದು ಬ್ಯಾಂಕಿಗೆ ಹೋದೆವು. ಕಿಟಕಿಯ ಹಿಂದಿದ್ದ ಹುಡುಗ "ಅಂಥಾದ್ದೇನೂ ಕಾಣಂಗಿಲ್ರಿ ಅಮ್ಮಾರ" ಎಂದ. ನಾದಿನಿ ಅಳುತ್ತ ನಿಂತಳು. ನಾನು ಡೈರಿ ತೆರೆದು "ಈ ತಾರೀಖಿನ ಲೆಕ್ಕ ತೆಗೀರಿ ತಮ್ಮಾ, 436 ಯಾತಕ್ಕ ಹೋಗೇತಿ ಹೇಳ್ರಿ" ಎಂದೆ. ತಾರೀಖು ಹೇಳಿದ ಮೇಲೆ ಕಂಪ್ಯೂಟರಿನಲ್ಲಿ ಎರಡೇ ನಿಮಿಷಕ್ಕೆ ಸಿಕ್ಕಿತು. ವ್ಯವಸ್ಥಾಪಕರು ಒಳಗೆ ಕರೆದು ಅರ್ಜಿ ಕೊಟ್ಟರು. ಮರಣ ಪ್ರಮಾಣಪತ್ರ, ವಾರಸುದಾರಳ ಆಧಾರ್, ಪಾಸ್‌ಬುಕ್ಕಿನ ಪ್ರತಿ ಎಂದು ನಾಲ್ಕು ಸಲ ಓಡಾಡಿಸಿದರು, ದೀಪಾವಳಿ ಕಳೆದ ಮೇಲೆ ರೊಕ್ಕ ಬಂತು. ಟೆಂಪೋ ಮಾರಿ ಆ ಸಾಲ ತೀರಿತು, ಈ ರೊಕ್ಕದಲ್ಲಿ ಭಿಶಿ ತೀರಿತು, ಉಳಿದದ್ದನ್ನು ನಾದಿನಿ ಮಗಳ ನರ್ಸಿಂಗ್ ಓದಿಗೆಂದು ಠೇವಣಿ ಇಟ್ಟಳು. ಹೋದ ಜೀವ ಬರಲಿಲ್ಲ ಬಿಡಿ.

ಇದರ ಜೊತೆಗಿನ ಇನ್ನೊಂದು ವಿಮೆ, ಅಪಘಾತದ್ದು, ವರ್ಷಕ್ಕೆ 20 ರೂಪಾಯಿ. ಎರಡೂ ಇದ್ದವರು ಮೇ ಕೊನೆಯ ವಾರ ಖಾತೆಯಲ್ಲಿ 456 ರೂಪಾಯಿಗೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಖಾತೆಯಲ್ಲಿ ರೊಕ್ಕ ಇರದಿದ್ದರೆ ಕಂತೂ ಹೋಗುವುದಿಲ್ಲ, ವಿಮೆಯೂ ಉಳಿಯುವುದಿಲ್ಲ.

ಕಳೆದ ಬನಶಂಕರಿ ಜಾತ್ರೆಗೆ ಬಾದಾಮಿಗೆ ಹೋದಾಗ ಗುಡಿಯ ಮುಂದೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಹತ್ತಿರ ಉಂಡೆವು. ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು. ಬುಟ್ಟಿಗೆ ಫೋನಿನಲ್ಲಿ ರೊಕ್ಕ ಹಾಕುವ ಚೌಕದ ಚೀಟಿ ಅಂಟಿಸಿತ್ತು! "ರೊಕ್ಕ ಯಾರ ಖಾತೆಗೆ ಹೋಗ್ತದಬೇ ಯಮ್ಮಾ?" ಎಂದೆ. "ನಮ್ಮ ಹುಡುಗನ ಖಾತೆಕ್ಕ" ಎಂದಳು. ದಿನಕ್ಕೆ ಎಷ್ಟು ಬಂತೆಂದು ಕೇಳಿದರೆ "ಅಂವಗ ಗೊತ್ತು" ಎಂದಳು. ಮಗ ಒಳ್ಳೆಯವನೇ ಇರಬಹುದು. ಆದರೆ ಹೊಗೆಯಲ್ಲಿ ರೊಟ್ಟಿ ಬಡಿದವಳ ದುಡಿಮೆಯ ಲೆಕ್ಕ ಅವಳ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ನಾಳೆ ಸಾಲಕ್ಕೆ ಹೋದರೆ ಬ್ಯಾಂಕಿನವರ ಮುಂದೆ ಏನು ತೋರಿಸಬೇಕು ಅವಳು? ಖಾತೆ ತೆಗೆಯುವ ಪುರುಸೊತ್ತಿಲ್ಲದಿದ್ದರೆ ಮೊಮ್ಮಗಳ ಕೈಯಿಂದಾದರೂ ಬರೆಸು ಎಂದು ಹೇಳಿ ಬಂದಿದ್ದೇನೆ.

ಬರೆಯುವುದೇನೂ ಕಷ್ಟದ ಕೆಲಸವಲ್ಲ. ತಾರೀಖು, ಬಂದದ್ದು, ಹೋದದ್ದು, ಯಾತಕ್ಕೆ, ಇಷ್ಟೇ. ಗೃಹಲಕ್ಷ್ಮಿಯ 2,000 ಬಂದರೆ ಯಾವ ತಿಂಗಳದ್ದು ಎಂದೂ ಬರೆಯಿರಿ, ತಡವಾಗಿ ಬಂದಾಗ ಯಾವುದು ಬಾಕಿ ಎಂಬುದು ಗೊತ್ತಾಗುತ್ತದೆ. ಫೋನಿನಿಂದ ಕಳಿಸಿದ್ದಕ್ಕೆ ಹನ್ನೆರಡು ಅಂಕಿಯ ಒಂದು ಸಂಖ್ಯೆ ಬರುತ್ತದೆ, ದೊಡ್ಡ ಮೊತ್ತಕ್ಕೆ ಅದನ್ನೂ ಇಳಿಸಿಕೊಳ್ಳಿ. ಎಟಿಎಂನ ಚೀಟಿ, ಪಿಗ್ಮಿಯವನು ಯಂತ್ರದಿಂದ ಹರಿದು ಕೊಡುವ ಚೀಟಿ ಇವನ್ನು ಡಬ್ಬಿಯಲ್ಲಿ ಕೂಡಿಡುವವರಿದ್ದಾರೆ. ಆರು ತಿಂಗಳಿಗೆ ಅಕ್ಷರ ಮಾಸಿ ಬಿಳಿ ಕಾಗದವಾಗುತ್ತದೆ, ಅದಕ್ಕೇ ಪೆನ್ನಿನಲ್ಲಿ ಬರೆದದ್ದೇ ಲೇಸು. ಪಿನ್ ನಂಬರು ಮಾತ್ರ ಆ ಪುಸ್ತಕದಲ್ಲಿ ಬೇಡ.

ಹಳೆಯ ಪಾಸ್‌ಬುಕ್ಕುಗಳನ್ನೂ ರದ್ದಿಗೆ ಹಾಕಬೇಡಿ. ನಮ್ಮ ಅತ್ತೆಯವರ ಟ್ರಂಕಿನಲ್ಲಿ ಬಿಜಾಪುರ ಗ್ರಾಮೀಣ ಬ್ಯಾಂಕಿನ ಪುಸ್ತಕವಿದೆ. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಕೂಡಿಕೊಂಡಿತು. ಮನೆ ಹೆಸರು ಬದಲಾದರೂ ನಾವು ಇಟ್ಟ ರೊಕ್ಕ ನಮ್ಮದೇ, ಆದರೆ ಹಳೆಯ ಖಾತೆಯ ನಂಬರು ಕೈಯಲ್ಲಿದ್ದರೆ ಹುಡುಕುವುದು ಸುಲಭ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಅತ್ತೆಯವರಿಗೆ ಕಾಗದದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಪರಿಹಾರದ ಕಾಗದಗಳನ್ನು ಅವರು ಈಗಲೂ ಹಳದಿ ವಸ್ತ್ರದಲ್ಲಿ ಕಟ್ಟಿಟ್ಟಿದ್ದಾರೆ.

ಲೆಕ್ಕ ತಾಳೆಯಾಗದಿದ್ದರೆ ಬಾಯಿಮಾತಿನಲ್ಲಿ ಕೇಳಿ ಬಂದುಬಿಡಬೇಡಿ. ಒಂದು ಬಿಳಿ ಹಾಳೆಯಲ್ಲಿ ತಾರೀಖು, ಮೊತ್ತ ಬರೆದುಕೊಟ್ಟು, ನಿಮ್ಮ ಪ್ರತಿಯ ಮೇಲೆ ಬ್ಯಾಂಕಿನ ಮುದ್ರೆ ಹಾಕಿಸಿಕೊಳ್ಳಿ. ಎಟಿಎಂನಿಂದ ನೋಟು ಬಾರದೆ ಖಾತೆಯಿಂದ ಕಡಿತವಾಗಿದ್ದರೆ ಐದು ದಿನದೊಳಗೆ ಅವರೇ ಮರಳಿ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಸೇರಿಸಬೇಕು. 2019ರಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮ ಇದು. ಬರೆದುಕೊಟ್ಟು 30 ದಿನವಾದರೂ ಉತ್ತರ ಬರಲಿಲ್ಲವೆಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು, ಖರ್ಚಿಲ್ಲ. ವಿಚಾರಿಸಲು 14448ಕ್ಕೆ ಫೋನು ಮಾಡಿದರಾಯಿತು. ನಮ್ಮ ಕಡೆ ಓಣಿಗೊಂದರಂತೆ ಇರುವ ಪತ್ತಿನ ಸಹಕಾರಿ ಸಂಘಗಳು ಮಾತ್ರ ಈ ಓಂಬುಡ್ಸ್‌ಮನ್ನರ ಕೈಕೆಳಗೆ ಬರುವುದಿಲ್ಲ, ಬ್ಯಾಂಕಿನ ಠೇವಣಿಗಿರುವ ಐದು ಲಕ್ಷದ ವಿಮೆಯೂ ಅವಕ್ಕಿಲ್ಲ. ಅಲ್ಲಿ ಪಿಗ್ಮಿ ಕಟ್ಟುವವರು ದಿನದಿನದ್ದು ಅಂದಂದೇ ಬರೆದುಕೊಂಡು, ತಿಂಗಳಿಗೊಮ್ಮೆ ಸಂಘದ ಪುಸ್ತಕಕ್ಕೆ ತಾಳೆ ನೋಡಿಕೊಂಡು ಬರಬೇಕು.