ಡೇರಿಯಸ್ ದೊರೆಯ ವಂಶಾವಳಿ

ಇತಿಹಾಸ ನಮ್ಮ ವಿಷಯವಲ್ಲ. ಓದಿದ್ದು ಬಿ.ಎಸ್ಸಿ., ಹೊಟ್ಟೆಪಾಡಿಗೆ ಹಿಡಿದದ್ದು ಕೇಂದ್ರ ಸರಕಾರದ ಗುಮಾಸ್ತಗಿರಿ. ಆದರೂ ಪ್ರಾಚೀನ ಪರ್ಶಿಯದ ದೊರೆಯೊಬ್ಬ ಈಚೆಗೆ ಎರಡು ತಿಂಗಳು ನಮ್ಮ ಮನೆಯಲ್ಲಿ ಬಿಡಾರ ಹೂಡಿದ್ದ. ಅವನನ್ನು ಕರೆತಂದವರು ನಮ್ಮ ಕಚೇರಿಯ ಪಾರ್ಸಿ ಸಹೋದ್ಯೋಗಿ. ಮೊಮ್ಮಗನಿಗೆ ದಾರಾಯಸ್ ಎಂದು ಹೆಸರಿಟ್ಟು ಪೇಢೆ ಹಂಚಿದರು. ಅದು ಯಾರ ಹೆಸರು ಎಂದು ಕೇಳಿದ್ದೇ ತಡ, ಮರುದಿನ ಒಂದು ದಪ್ಪ ಪುಸ್ತಕ ನಮ್ಮ ಮೇಜಿನ ಮೇಲೆ ಬಂದು ಕುಳಿತಿತು.

ಅದೇ ದಿನಗಳಲ್ಲಿ ನಮ್ಮಲ್ಲೂ ಒಂದು ವಂಶಾವಳಿಯ ಕೆಲಸ ನಡೆದಿತ್ತು. ಧಾರವಾಡದ ಕಡೆ ನಾಲ್ಕು ಎಕರೆ ಪಿತ್ರಾರ್ಜಿತ ಹೊಲ. ತಂದೆಯವರು ತೀರಿಕೊಂಡು ಮೂರು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇತ್ತು. ಬದಲಾಯಿಸಲು ವಂಶವೃಕ್ಷ ಬೇಕು. ಮುಂಬಯಿಯಲ್ಲಿರುವ ನಾವಿಬ್ಬರು ಅಣ್ಣತಮ್ಮಂದಿರು ಒಂದು ಭಾನುವಾರ ಕುಳಿತು ಬರೆದೆವು: ಮುತ್ತಜ್ಜ, ಅಜ್ಜ, ಅಪ್ಪ, ನಾವು. ಗದಗಿನಲ್ಲಿರುವ ತಂಗಿಯ ಹೆಸರು ಬರೆಯಲಿಲ್ಲ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು ಎಂಬುದು ಗೊತ್ತಿರಲಿಲ್ಲವೆಂದಲ್ಲ. ಮದುವೆಯಲ್ಲಿ ಕೊಟ್ಟದ್ದಾಗಿದೆ, ಅವಳೇನು ಕೇಳುವವಳಲ್ಲ ಎಂದುಕೊಂಡೆವು. ಕಾಗದ ಕಪಾಟಿನಲ್ಲಿ ಸೇರಿತು. ರಾತ್ರಿ ಊಟವಾದ ಮೇಲೆ ದೊರೆಯ ಪುಸ್ತಕ ಹೊರಗೆ ಬಂತು.

ಡೇರಿಯಸ್ ಆಳಿದ್ದು ಕ್ರಿ.ಪೂ. 522ರಿಂದ 486ರವರೆಗೆ. ನಮ್ಮ ಸಿಂಧೂ ನದಿಯ ಸೀಮೆಯಿಂದ ಈಜಿಪ್ಟಿನವರೆಗೂ ಅವನ ರಾಜ್ಯ. ಇರಾನಿನ ಕರ್ಮಾನ್‌ಶಾಹ್ ಊರಿನ ಹತ್ತಿರ ಬೆಹಿಸ್ತೂನ್ ಎಂಬ ಬೆಟ್ಟದ ಬಂಡೆಯಲ್ಲಿ, ಪ್ರಾಚೀನ ಪರ್ಶಿಯನ್, ಎಲಮೈಟ್, ಬ್ಯಾಬಿಲೋನಿಯನ್ ಎಂಬ ಮೂರು ಭಾಷೆಗಳಲ್ಲಿ ತನ್ನ ಕಥೆಯನ್ನು ಕೆತ್ತಿಸಿದ್ದಾನೆ. ಆರಂಭದಲ್ಲೇ ವಂಶಾವಳಿ: ತಂದೆ ಹಿಸ್ಟಾಸ್ಪಿಸ್, ಅವನ ತಂದೆ ಅರ್ಸಾಮಿಸ್, ಅಲ್ಲಿಂದ ಮೇಲಕ್ಕೆ ಅಖಮೇನಿಸ್ ಎಂಬ ಮೂಲಪುರುಷನವರೆಗೆ. ನಮ್ಮ ಕುಲದಲ್ಲಿ ಎಂಟು ಮಂದಿ ಅರಸರಾಗಿದ್ದರು, ನಾನು ಒಂಬತ್ತನೆಯವನು ಎನ್ನುತ್ತಾನೆ.

ಗುಮಾಸ್ತರಾದ ನಮಗೆ ಇಲ್ಲಿ ಸಂಶಯ ಬಂತು. ಅರ್ಜಿಯ ಮೊದಲ ಪುಟದಲ್ಲೇ ಮನೆತನದ ಹಿರಿಮೆ ಉದ್ದವಾಗಿ ಬಂದರೆ, ಒಳಗೆಲ್ಲೋ ಕಾಗದಪತ್ರ ಸಡಿಲವಾಗಿದೆ ಎಂದೇ ಅರ್ಥ. ನೋಡಿದರೆ ಹಾಗೆಯೇ. ಅವನ ತಂದೆ ಅರಸನಾಗಿರಲಿಲ್ಲ. ಅದಕ್ಕಿಂತ ಸೋಜಿಗವೆಂದರೆ, ತಾನು ಪಟ್ಟಕ್ಕೆ ಬಂದಾಗ ತಂದೆಯೂ ಅಜ್ಜನೂ ಬದುಕಿದ್ದರೆಂದು ಸೂಸಾದ ಶಾಸನದಲ್ಲಿ ಅವನೇ ಹೇಳಿಸಿದ್ದಾನೆ. ಅಜ್ಜ, ಅಪ್ಪ ಇಬ್ಬರೂ ಇರುವಾಗ ಮೊಮ್ಮಗನ ಹೆಸರಿಗೆ ಖಾತೆ! ಯಾವ ಕಚೇರಿಯಲ್ಲಿ ನಡೆದೀತು?

ನಡೆದದ್ದು ಹೀಗೆ. ಸಾಮ್ರಾಜ್ಯ ಕಟ್ಟಿದವನು ಸೈರಸ್. ಅವನಿಗೆ ಕ್ಯಾಂಬಿಸಿಸ್, ಬರ್ದಿಯ ಎಂಬ ಇಬ್ಬರು ಗಂಡುಮಕ್ಕಳು. ಡೇರಿಯಸನ ಪ್ರಕಾರ, ಕ್ಯಾಂಬಿಸಿಸ್ ತಮ್ಮನನ್ನು ಗುಟ್ಟಾಗಿ ಕೊಲ್ಲಿಸಿದ, ಆಮೇಲೆ ಗೌಮಾತ ಎಂಬೊಬ್ಬ ಪುರೋಹಿತ ‘ನಾನೇ ಬರ್ದಿಯ’ ಎಂದು ಸಿಂಹಾಸನ ಹತ್ತಿದ, ಕ್ರಿ.ಪೂ. 522ರಲ್ಲಿ ಡೇರಿಯಸ್ ಅವನನ್ನು ಕೊಂದು ರಾಜ್ಯ ಉಳಿಸಿದ. ಸತ್ತವನು ನಿಜವಾದ ಬರ್ದಿಯನೇ, ಗೌಮಾತನ ಕಥೆ ಕಟ್ಟಿದ್ದು ಎನ್ನುವ ವಿದ್ವಾಂಸರು ಹಲವರಿದ್ದಾರೆ. ಇರಲಿ. ಮುಂದೆ ಡೇರಿಯಸ್ ಮಾಡಿದ್ದನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ. ಸೈರಸನ ಮಗಳು ಅಟೋಸ್ಸಾಳನ್ನು ಮದುವೆಯಾದ. ಇನ್ನೊಬ್ಬ ಮಗಳು ಅರ್ತಿಸ್ತೋನೆಯನ್ನೂ ಮದುವೆಯಾದ. ಸಾಲದೆಂದು ಬರ್ದಿಯನ ಮಗಳು ಪಾರ್ಮಿಸಳನ್ನೂ ತಂದುಕೊಂಡ. ಸತ್ತವನು ನಿಜವಾದ ಬರ್ದಿಯನೇ ಆಗಿದ್ದರೆ, ಆ ಹೆಣ್ಣುಮಕ್ಕಳು ಅಣ್ಣನನ್ನೋ ಅಪ್ಪನನ್ನೋ ಕೊಂದವನ ಮನೆ ತುಂಬಿದಂತಾಯಿತು. ಅವರ ಮನಸ್ಸಿನಲ್ಲಿ ಏನಿತ್ತೋ, ಯಾರೂ ಕೆತ್ತಿಸಲಿಲ್ಲ.

ಹೀಗೆ ಅವನ ಹಕ್ಕು ಗಟ್ಟಿಯಾದದ್ದು ಸೈರಸನ ಹೆಣ್ಣುಮಕ್ಕಳಿಂದ. ಆದರೆ ಅವನ ಶಿಲಾಶಾಸನಗಳಲ್ಲಿ ತಾಯಿ, ಹೆಂಡತಿ, ಮಗಳು ಯಾರೊಬ್ಬರ ಹೆಸರೂ ಇಲ್ಲ. ಕ್ಯಾಂಬಿಸಿಸ್ ಮತ್ತು ಬರ್ದಿಯ ಒಂದೇ ತಾಯಿಯ, ಒಂದೇ ತಂದೆಯ ಮಕ್ಕಳೆಂದು ಬೆಹಿಸ್ತೂನಿನಲ್ಲಿ ಬರೆಸಿದ್ದಾನೆ. ಆ ತಾಯಿ ಯಾರೆಂದು ಬರೆಸಿಲ್ಲ.

ಹೆಸರು ಸಿಕ್ಕಿದ್ದು ಬೇರೆ ಕಡೆ. 1933ರಲ್ಲಿ ಪರ್ಸಿಪೊಲಿಸ್ ಅರಮನೆಯ ಕೋಟೆಗೋಡೆಯಲ್ಲಿ ಎರ್ನ್‌ಸ್ಟ್ ಹರ್ಟ್ಸ್‌ಫೆಲ್ಡರ ತಂಡಕ್ಕೆ ಸಾವಿರಾರು ಜೇಡಿಮಣ್ಣಿನ ಹಲಗೆಗಳು ಸಿಕ್ಕವು, ಕ್ರಿ.ಪೂ. 509ರಿಂದ 493ರವರೆಗಿನವು, ಎಲಮೈಟ್ ಭಾಷೆಯವು. ರಿಚರ್ಡ್ ಹ್ಯಾಲಕ್ ಎಂಬ ವಿದ್ವಾಂಸರು ಅವುಗಳಲ್ಲಿ 2,087ನ್ನು ಓದಿ 1969ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಯುದ್ಧವಿಲ್ಲ, ದೇವರ ಕೃಪೆಯ ಮಾತಿಲ್ಲ. ಪಡಿ ಕೊಟ್ಟ ಲೆಕ್ಕ! ಇಂತಿಷ್ಟು ಹಿಟ್ಟು, ಇಂತಿಷ್ಟು ಕುರಿ, ಪಡೆದವರು ಯಾರು, ಯಾರ ಮೊಹರು. ಹಿಂದೂ ಸೀಮೆಯಿಂದ ರಾಜಮುದ್ರೆಯ ಪತ್ರ ಹಿಡಿದು ಸೂಸಾಕ್ಕೆ ಹೊರಟವರಿಗೆ ದಾರಿಯಲ್ಲಿ ಕೊಟ್ಟ ಪಡಿಯೂ ಇದೆ. ನಮ್ಮ ಟಿ.ಎ. ಬಿಲ್ಲಿನ ಮುತ್ತಜ್ಜನನ್ನು ಕಂಡಂತಾಯಿತು. ಹೆರಿಗೆಯಾದ ಕೆಲಸಗಾರ ಹೆಂಗಸರಿಗೆ ವಿಶೇಷ ಪಡಿಯುಂಟು. ಗಂಡು ಹೆತ್ತವಳಿಗೆ, ಹೆಣ್ಣು ಹೆತ್ತವಳಿಗಿಂತ ಎರಡರಷ್ಟು. ಎರಡೂವರೆ ಸಾವಿರ ವರ್ಷದ ಹಿಂದಿನ ಆ ಲೆಕ್ಕ ನಮಗೆ ಅಪರಿಚಿತವೆನ್ನಿಸಲಿಲ್ಲ.

ಆ ಹಲಗೆಗಳಲ್ಲಿ ಅರ್ತಿಸ್ತೋನೆ ಇದ್ದಾಳೆ. ಅಲ್ಲಿ ಅವಳ ಹೆಸರು ಇರ್ತಾಷ್‌ದುನ. ಕ್ರಿ.ಪೂ. 503ರ ಒಂದು ಹಲಗೆಯಲ್ಲಿ, ಆಡಳಿತದ ಮುಖ್ಯಸ್ಥ ಪರ್ನಾಕ ಕುರಿಮಂದೆಯ ಅಧಿಕಾರಿಗೆ ದೊರೆಯ ಅಪ್ಪಣೆಯನ್ನು ತಿಳಿಸುತ್ತಾನೆ: ದೊರೆಯ ಸ್ವಂತ ಆಸ್ತಿಯಿಂದ ಅವಳಿಗೆ 100 ಕುರಿ ಕೊಡತಕ್ಕದ್ದು. ಇನ್ನೊಂದರಲ್ಲಿ ಸುಮಾರು 2,000 ಲೀಟರು ದ್ರಾಕ್ಷಾರಸ. ಏನೋ ದೊಡ್ಡ ಔತಣವಿದ್ದಿರಬೇಕು. ಅವಳಿಗೆ ಸ್ವಂತ ಜಮೀನು, ಸ್ವಂತ ಮೊಹರು ಇದ್ದವು. ತನ್ನ ಉಗ್ರಾಣಗಳಿಗೆ ತಾನೇ ಆಜ್ಞೆ ಕಳಿಸುತ್ತಿದ್ದಳು. ಹೆಂಡತಿಯರಲ್ಲಿ ಡೇರಿಯಸನಿಗೆ ಅತಿ ಪ್ರಿಯಳಾದವಳು ಇವಳೇ ಎಂದು ಹೆರೊಡೋಟಸ್ ಹೇಳುತ್ತಾನೆ. ಆದರೆ ಗುಮಾಸ್ತ ಅವಳನ್ನು ಕರೆದದ್ದು ರಾಣಿ ಎಂದಲ್ಲ, ‘ದುಕ್ಷಿಶ್’ ಎಂದು. ರಾಜಪುತ್ರಿ ಎಂದರ್ಥ; ನಮ್ಮ ಸಂಸ್ಕೃತದ ‘ದುಹಿತೃ’ವಿನ ನೆಂಟ ಶಬ್ದ. ಮದುವೆಯಾಗಿ ಎಷ್ಟೋ ವರ್ಷವಾಗಿತ್ತು. ಸರಕಾರಿ ದಫ್ತರದಲ್ಲಿ ಅವಳು ಇನ್ನೂ ಮಗಳು.

ಕೊನೆಗೂ ಗೆದ್ದದ್ದು ಮಗಳೇ. ಡೇರಿಯಸನಿಗೆ ಪಟ್ಟವಾಗುವ ಮೊದಲೇ ಬೇರೆ ಹೆಂಡತಿಯಲ್ಲಿ ಹಿರಿಯ ಮಗನಿದ್ದ. ಆದರೂ ಸಿಂಹಾಸನ ಸಿಕ್ಕಿದ್ದು ಅಟೋಸ್ಸಾಳ ಮಗ ಕ್ಸರ್ಕ್ಸಿಸನಿಗೆ. ಅವನು ಸೈರಸನ ಮಗಳ ಮಗ. ಅವನೂ ಪರ್ಸಿಪೊಲಿಸಿನಲ್ಲಿ ಶಾಸನ ಹಾಕಿಸಿದ: ಬೇರೆ ಮಕ್ಕಳಿದ್ದರೂ ತಂದೆ ನನ್ನನ್ನೇ ಆರಿಸಿದ ಎಂದು. ತಾಯಿಯ ಹೆಸರು ಅವನಿಗೂ ನೆನಪಾಗಲಿಲ್ಲ.

ಆ ರಾತ್ರಿ ಪುಸ್ತಕ ಮುಚ್ಚಿ, ಕಪಾಟಿನಿಂದ ನಮ್ಮ ಕಾಗದ ತೆಗೆದು ನೋಡಿದೆವು. ದೊರೆಯ ಬಂಡೆಗೂ ಅದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

ಮುಂದಿನ ಭಾನುವಾರ ತಂಗಿಗೆ ಫೋನು ಮಾಡಿ, ಆಧಾರ್ ಕಾರ್ಡಿನ ಪ್ರತಿ ಕಳಿಸಲು ಹೇಳಿದೆವು. ಯಾಕೆಂದು ಕೇಳಿದಳು. ಹೇಳಿದೆವು. ಮೊದಲು ಹಾಕಿರಲಿಲ್ಲ ಎಂಬುದನ್ನೂ ಹೇಳಿದೆವು. ಸ್ವಲ್ಪ ಹೊತ್ತು ಮಾತಿಲ್ಲ.

“ಅಣ್ಣಾ, ಆಯೀ ಹೆಸರು ಬರದೀರೇನು?” ಎಂದಳು ಆಮೇಲೆ.

ಆಯಿ ಎಂದರೆ ತಂದೆಯವರ ತಾಯಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಯಿ ಎಂದು ಕರೆದದ್ದೇ ಹೊರತು ಆಕೆಯ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ.

“ತಡೀರಿ. ಆಯೀ ಹಿತ್ತಾಳಿ ಕೊಡ ನನ್ನ ಕಡೆ ಅದ. ಅದರ ಮ್ಯಾಲೆ ಕೆತ್ತ್ಯಾರ.”

ಫೋನು ಹಿಡಿದು ಕಾದೆವು. ಅಡಿಗೆಮನೆಯಲ್ಲಿ ಕೊಡ ಹೊರಳಿಸಿದ ಸದ್ದು ಕೇಳಿಸಿತು. ತವರಿನವರು ಮದುವೆಯಲ್ಲಿ ಕೊಟ್ಟ ಕೊಡ. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಅಕ್ಷರ. ತಂಗಿ ಒಂದೊಂದಾಗಿ ಓದಿ ಹೇಳಿದಳು. ಖಾತೆಯ ಕೆಲಸಕ್ಕೆ ಆ ಹೆಸರು ಬೇಕೋ ಬೇಡವೋ, ಅಜ್ಜನ ಹೆಸರಿನ ಪಕ್ಕದಲ್ಲಿ ಬರೆದುಕೊಂಡೆವು.